ಬೆಂಗಳೂರಿಂದ ದೆಹಲಿ ಎಷ್ಟು ದೂರ? ವಿಮಾನದ ದಾರಿ, ಹಾರುವ ಹೊತ್ತು ನೀವೇ ಲೆಕ್ಕ ಹಾಕಿ

ಹೋದ ತಿಂಗಳು ನಮ್ಮ ಸೋದರಮಾವ ಫೋನ್ ಮಾಡಿದ್ದರು. ಬನಶಂಕರಿಯಲ್ಲಿದ್ದಾರೆ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಮಗಳು ದೆಹಲಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ, ನೋಡಿಕೊಂಡು ಬರಬೇಕು ಅಂತ ಆಸೆ.

"ಏನಪ್ಪಾ, ಬೆಂಗಳೂರಿಂದ ದೆಹಲಿಗೆ ಸರಿಯಾಗಿ ಎಷ್ಟು ದೂರ? ಮೊಬೈಲಲ್ಲಿ ಒಂದು ಕಡೆ 1,700 ಅಂತಿದೆ, ಇನ್ನೊಂದು ಕಡೆ 1,740, ಮತ್ತೊಂದು ಕಡೆ 2,150. ರೈಲಿನ ಟಿಕೆಟ್ ನೋಡಿದರೆ 2,400ರ ಹತ್ತಿರ. ಯಾವುದು ಸರಿ?"

"ಎಲ್ಲವೂ ಸರಿ ಮಾವ" ಅಂದೆ. ಅವರಿಗೆ ಸಿಟ್ಟು ಬಂತು. ಒಂದು ಪ್ರಶ್ನೆಗೆ ನಾಲ್ಕು ಉತ್ತರ ಬರೆದ ಹುಡುಗನಿಗೆ ಅವರು ಯಾವತ್ತೂ ಮಾರ್ಕ್ಸ್ ಕೊಟ್ಟವರಲ್ಲ.

ಅವತ್ತು ಅವರಿಗೆ ಫೋನಿನಲ್ಲೇ ಹೇಳಿದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಬೆಂಗಳೂರು–ದೆಹಲಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಇದೊಂದು ಗೊತ್ತಾದರೆ ಹುಬ್ಬಳ್ಳಿಗೂ ದುಬೈಗೂ ಇದೇ ಲೆಕ್ಕ ನಡೆಯುತ್ತದೆ.

ಹೆಜ್ಜೆ 1: ಯಾವ ದೂರ ಬೇಕು ಅಂತ ಮೊದಲು ಕೇಳಿಕೊಳ್ಳಿ

ರಸ್ತೆಯಲ್ಲಿ ಹೋದರೆ ಬೆಂಗಳೂರು–ದೆಹಲಿ ಸುಮಾರು 2,150 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 44 ಹಿಡಿದು ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ ದಾಟಿ ಹೋಗುವ ದಾರಿ. ರೈಲು ಇನ್ನಷ್ಟು ಸುತ್ತುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ಗುಂತಕಲ್, ಸೊಲ್ಲಾಪುರ, ಮನ್ಮಾಡ್, ಭೋಪಾಲ್ ಮೇಲೆ ಹೋಗುವುದರಿಂದ 2,400 ಕಿ.ಮೀ. ಆಸುಪಾಸು ಆಗುತ್ತದೆ, ಸುಮಾರು 38 ಗಂಟೆ ಬೇಕು. ರಾಜಧಾನಿ ಎಕ್ಸ್‌ಪ್ರೆಸ್ ಹೈದರಾಬಾದ್ ಕಡೆಯಿಂದ ಹೋಗುತ್ತದೆ. ಅದಕ್ಕೆ 33-34 ಗಂಟೆ.

ಇನ್ನು ಉಳಿದ ಎರಡು ಅಂಕಿ, 1,700 ಮತ್ತು 1,740. ಇವೆರಡೂ ಆಕಾಶದ ದೂರವೇ. ಹಾಗಾದರೆ 40 ಕಿ.ಮೀ. ವ್ಯತ್ಯಾಸ ಎಲ್ಲಿಂದ ಬಂತು? ಒಂದು ಅಂಕಿ ಊರಿನ ನಡುವಿನಿಂದ ಊರಿನ ನಡುವಿಗೆ ಅಳೆದದ್ದು. ಇನ್ನೊಂದು ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣ ಊರಿನ ಉತ್ತರಕ್ಕೆ ದೇವನಹಳ್ಳಿ ಹತ್ತಿರ ಇದೆ. ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣ ಊರಿನ ನೈಋತ್ಯಕ್ಕೆ, ಅಂದರೆ ನಮ್ಮ ಕಡೆಗೆ ವಾಲಿಕೊಂಡಿದೆ. ಬನಶಂಕರಿಯವರು ಟ್ಯಾಕ್ಸಿಯಲ್ಲಿ ದೇವನಹಳ್ಳಿಗೆ ಹೋಗುವಷ್ಟರಲ್ಲಿ ದೆಹಲಿಯ ದಾರಿ ಚೂರು ಸವೆದೇ ಇರುತ್ತದೆ. ಅಷ್ಟು ದೂರ ಏರ್‌ಪೋರ್ಟ್ ಕಟ್ಟಿದರು ಅಂತ ಬೈಯುವವರಿಗೆ ಇದಿಷ್ಟೇ ಸಮಾಧಾನ.

ವಿಮಾನದ ಹೊತ್ತು ಲೆಕ್ಕ ಹಾಕಬೇಕಾದರೆ ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ ಇರುವ ದೂರವನ್ನೇ ತಗೊಳ್ಳಿ.

ಹೆಜ್ಜೆ 2: ಅಕ್ಷಾಂಶ ಕಳೆಯಿರಿ, 111ರಿಂದ ಗುಣಿಸಿ

ಮಾವನಿಗೆ ಖುಷಿ ಕೊಟ್ಟದ್ದು ಈ ಹೆಜ್ಜೆ. ಸ್ಕೂಲಿನಲ್ಲಿ ಕಲಿತ ಅಕ್ಷಾಂಶ, ರೇಖಾಂಶ ನೆನಪಿದೆ ಅಲ್ವಾ? ಗೂಗಲ್ ಮ್ಯಾಪ್ಸ್‌ನಲ್ಲಿ ಒಂದು ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಅಂಕಿ ಸಿಗುತ್ತವೆ. ಕಂಪ್ಯೂಟರಿನಲ್ಲಾದರೆ ರೈಟ್ ಕ್ಲಿಕ್ ಮಾಡಿ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ.

ಬೆಂಗಳೂರು ಏರ್‌ಪೋರ್ಟ್: 13.20, 77.71
ದೆಹಲಿ ಏರ್‌ಪೋರ್ಟ್: 28.56, 77.10

ಎರಡನೆಯ ಅಂಕಿ ನೋಡಿ. ಹೆಚ್ಚೂಕಮ್ಮಿ ಒಂದೇ. ಅಂದರೆ ದೆಹಲಿ ಬೆಂಗಳೂರಿನ ನೆತ್ತಿಯ ಮೇಲೆ, ನೇರ ಉತ್ತರಕ್ಕಿದೆ. ಭೂಪಟದ ಮೇಲೆ ಒಂದು ಸ್ಕೇಲ್ ಇಟ್ಟು ನೋಡಿ. ಕನ್ಯಾಕುಮಾರಿ, ಬೆಂಗಳೂರು, ಬೀದರ್, ಭೋಪಾಲ್, ದೆಹಲಿ, ಎಲ್ಲವೂ ಒಂದೇ ಗೆರೆಯ ಆಸುಪಾಸಿನಲ್ಲಿ ಬರುತ್ತವೆ. ಇದು ನನಗೂ ತುಂಬಾ ದಿನ ಗೊತ್ತಿರಲಿಲ್ಲ. ದೆಹಲಿ ಎಡಗಡೆ ಎಲ್ಲೋ ಮೇಲಿದೆ ಅಂತಲೇ ಅಂದುಕೊಂಡಿದ್ದೆ.

ಊರುಗಳು ಹೀಗೆ ಒಂದರ ಮೇಲೊಂದು ಇದ್ದರೆ ಲೆಕ್ಕ ಬಹಳ ಸುಲಭ. ಒಂದು ಡಿಗ್ರಿ ಅಕ್ಷಾಂಶ ಅಂದರೆ ನೆಲದ ಮೇಲೆ ಸುಮಾರು 111 ಕಿ.ಮೀ.

28.56 – 13.20 = 15.36
15.36 × 111 = 1,705 ಕಿ.ಮೀ.

ಅಷ್ಟೇ. ಯಾವ ವೆಬ್‌ಸೈಟೂ ಬೇಡ, ಅಂಗಡಿಯ ಬಿಲ್ಲಿನ ಹಿಂದೆ ಮಾಡಬಹುದು. ರೇಖಾಂಶದಲ್ಲಿ ಅರ್ಧ ಡಿಗ್ರಿ ಚಿಲ್ಲರೆ ವ್ಯತ್ಯಾಸ ಇದೆಯಲ್ಲ, ಅದನ್ನು ಸೇರಿಸಿದರೂ ಒಂದೆರಡು ಕಿ.ಮೀ.ಗಿಂತ ಹೆಚ್ಚಾಗುವುದಿಲ್ಲ.

ಪೈಲಟ್‌ಗಳು ದೂರವನ್ನು ನಾಟಿಕಲ್ ಮೈಲಿನಲ್ಲಿ ಹೇಳುತ್ತಾರೆ. ಒಂದು ನಾಟಿಕಲ್ ಮೈಲು ಅಂದರೆ 1.852 ಕಿ.ಮೀ. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂದರೆ, ಒಂದು ಡಿಗ್ರಿ ಅಕ್ಷಾಂಶವನ್ನು 60 ಭಾಗ ಮಾಡಿದರೆ ಒಂದು ಭಾಗ ಅಷ್ಟಾಗುತ್ತದೆ. ಹಾಗಾಗಿ ಅವರಿಗೆ ಬೆಂಗಳೂರು–ದೆಹಲಿ 15.36 × 60, ಅಂದರೆ ಸುಮಾರು 920 ಮೈಲು. ಮಾವ ಇದನ್ನು ಕೇಳಿ ಫೋನಿನಲ್ಲೇ "ಭೇಷ್" ಅಂದರು.

ಹೆಜ್ಜೆ 3: ಊರು ಓರೆಯಾಗಿದ್ದರೆ ಪೈಥಾಗೊರಸ್‌ನನ್ನು ಕರೆಯಿರಿ

ಎಲ್ಲ ಊರೂ ನೇರ ಉತ್ತರಕ್ಕೆ ಇರುವುದಿಲ್ಲ. ಹುಬ್ಬಳ್ಳಿ ತಗೊಳ್ಳಿ. ಅದು ಬೆಂಗಳೂರಿನಿಂದ ವಾಯವ್ಯಕ್ಕಿದೆ. ಹುಬ್ಬಳ್ಳಿ ಏರ್‌ಪೋರ್ಟ್ 15.36, 75.08.

ಅಕ್ಷಾಂಶದ ವ್ಯತ್ಯಾಸ 2.16. 111ರಿಂದ ಗುಣಿಸಿದರೆ 240 ಕಿ.ಮೀ. ಇದು ಉತ್ತರಕ್ಕೆ ಹೋಗಬೇಕಾದ ದೂರ.

ರೇಖಾಂಶದ ವ್ಯತ್ಯಾಸ 2.63. ಇದನ್ನು 111ರಿಂದ ಗುಣಿಸುವಂತಿಲ್ಲ. ರೇಖಾಂಶದ ಗೆರೆಗಳು ಉತ್ತರಕ್ಕೆ ಹೋದಂತೆ ಒಂದಕ್ಕೊಂದು ಹತ್ತಿರ ಬರುತ್ತವೆ, ಕಿತ್ತಳೆ ತೊಳೆಯ ಗೆರೆಗಳ ಹಾಗೆ. ನಮ್ಮ ಬೆಂಗಳೂರಿನ ಹತ್ತಿರ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ. ದೆಹಲಿಯಲ್ಲಿ 98ಕ್ಕೆ ಇಳಿಯುತ್ತದೆ. ಹಾಗಾಗಿ 2.63 × 108 = 284 ಕಿ.ಮೀ. ಇದು ಪಶ್ಚಿಮಕ್ಕೆ.

ಇನ್ನು ಲಂಬಕೋನ ತ್ರಿಭುಜದ ಕರ್ಣ. 240ರ ವರ್ಗ, 284ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 372 ಕಿ.ಮೀ. ಸಿಗುತ್ತದೆ. ರೈಲಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಸುಮಾರು 470 ಕಿ.ಮೀ. ತುಮಕೂರು, ಅರಸೀಕೆರೆ, ದಾವಣಗೆರೆ ಎಲ್ಲರನ್ನೂ ಮಾತಾಡಿಸಿಕೊಂಡು ಹೋಗುವುದರಿಂದ ಅಷ್ಟು.

ಕರ್ನಾಟಕದೊಳಗೆ, ಸುತ್ತಮುತ್ತಲ ರಾಜ್ಯಗಳಿಗೆ ಈ ವಿಧಾನ ಚೆನ್ನಾಗಿ ನಡೆಯುತ್ತದೆ. ತುಂಬಾ ದೂರದ ಊರಿಗೆ ನಡೆಯುವುದಿಲ್ಲ, ಯಾಕೆಂದರೆ ಭೂಮಿ ಚಪ್ಪಟೆಯಲ್ಲ. ಬೆಂಗಳೂರು–ಲಂಡನ್ ಅಂಥದ್ದಕ್ಕೆಲ್ಲ ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನುವ ಜಾಲತಾಣದಲ್ಲಿ ಎರಡು ಏರ್‌ಪೋರ್ಟಿನ ಮೂರಕ್ಷರದ ಕೋಡ್ (ಬೆಂಗಳೂರಿಗೆ BLR) ಹಾಕಿ ನೋಡಿ. 8,000 ಕಿ.ಮೀ. ಚಿಲ್ಲರೆ ಅಂತ ಬರುತ್ತದೆ.

ಆದರೆ ಸ್ಯಾನ್‌ಫ್ರಾನ್ಸಿಸ್ಕೋ ಲೆಕ್ಕ ಮಾತ್ರ ಕೈಯಲ್ಲೇ ಮಾಡಬಹುದು. ಬೆಂಗಳೂರು ಪೂರ್ವ ರೇಖಾಂಶ 77.7ರಲ್ಲಿದೆ, ಸ್ಯಾನ್‌ಫ್ರಾನ್ಸಿಸ್ಕೋ ಪಶ್ಚಿಮ ರೇಖಾಂಶ 122.4ರಲ್ಲಿ. ಅಂದರೆ ಭೂಮಿಯ ಆ ಬದಿಗೆ ಒಂದು, ಈ ಬದಿಗೆ ಒಂದು. ಹಾಗಿದ್ದಾಗ ಹತ್ತಿರದ ದಾರಿ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ. ನೆತ್ತಿಯ ಮೇಲೆ, ಅಂದರೆ ಉತ್ತರ ಧ್ರುವದ ಹತ್ತಿರ. ಬೆಂಗಳೂರಿನಿಂದ ಧ್ರುವಕ್ಕೆ 90 – 13.2 = 76.8 ಡಿಗ್ರಿ. ಧ್ರುವದಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ 90 – 37.6 = 52.4 ಡಿಗ್ರಿ. ಕೂಡಿಸಿದರೆ 129.2. ಅದನ್ನು 111ರಿಂದ ಗುಣಿಸಿ: 14,340 ಕಿ.ಮೀ. ನಿಜವಾದ ನೇರ ದೂರ ಸುಮಾರು 14,000. ಬಿಲ್ಲಿನ ಹಿಂದೆ ಮಾಡಿದ ಲೆಕ್ಕಕ್ಕೆ ಇದು ಕಡಿಮೆಯೇನಲ್ಲ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್‌ಫ್ರಾನ್ಸಿಸ್ಕೋ–ಬೆಂಗಳೂರು ವಿಮಾನ ಧ್ರುವದ ಮೇಲಿನ ದಾರಿಯಲ್ಲೇ ಬಂದದ್ದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನಾಯಕತ್ವದಲ್ಲಿ ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು. ಸುಮಾರು 17 ಗಂಟೆ ಹಾರಿ ದೇವನಹಳ್ಳಿಯಲ್ಲಿ ಇಳಿಯಿತು.

ಹೆಜ್ಜೆ 4: ದೂರದಿಂದ ಹೊತ್ತು ತೆಗೆಯಿರಿ

ನಮ್ಮ ದೇಶದೊಳಗೆ ಓಡಾಡುವ ಏರ್‌ಬಸ್ 320, ಬೋಯಿಂಗ್ 737 ಅಂಥ ಜೆಟ್ ವಿಮಾನಗಳು ಮೇಲೆ ಹೋದಮೇಲೆ ಗಂಟೆಗೆ ಸುಮಾರು 830ರಿಂದ 850 ಕಿ.ಮೀ. ವೇಗದಲ್ಲಿ ಹೋಗುತ್ತವೆ. ಆದರೆ ಏರುವಾಗ, ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ. ನೆಲದ ಮೇಲೆ ಉರುಳುವಾಗ ಕೇಳುವುದೇ ಬೇಡ, ನಮ್ಮ ಬಿಎಂಟಿಸಿ ಬಸ್ಸೇ ವಾಸಿ.

ನಾನು ಬಳಸುವ ಸೂತ್ರ ಇಷ್ಟೇ. ದೂರವನ್ನು 800ರಿಂದ ಭಾಗಿಸಿ. ಅದಕ್ಕೆ 40 ನಿಮಿಷ ಸೇರಿಸಿ. ಲಂಡನ್, ಅಮೆರಿಕದಂಥ ದೂರದ ಪ್ರಯಾಣಕ್ಕೆ 800ರ ಬದಲು 850-870 ತಗೊಳ್ಳಿ. ದೊಡ್ಡ ವಿಮಾನಗಳು ಸ್ವಲ್ಪ ಜೋರಾಗಿ ಹೋಗುತ್ತವೆ.

ದೆಹಲಿಗೆ: 1,705 ÷ 800 = 2 ಗಂಟೆ 8 ನಿಮಿಷ. 40 ಸೇರಿಸಿದರೆ 2 ಗಂಟೆ 48 ನಿಮಿಷ. ಟಿಕೆಟ್ ತೆಗೆದು ನೋಡಿ, 2 ಗಂಟೆ 45 ನಿಮಿಷದಿಂದ 2 ಗಂಟೆ 55 ನಿಮಿಷದ ಆಸುಪಾಸಿನಲ್ಲೇ ಇರುತ್ತದೆ.

ಹುಬ್ಬಳ್ಳಿಗೆ ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನ ಹೊರಟಿತು ಅಂದುಕೊಳ್ಳಿ. ಅದರ ವೇಗ ಗಂಟೆಗೆ 500 ಕಿ.ಮೀ. ಹತ್ತಿರ. ಲೆಕ್ಕಕ್ಕೆ 450 ಇಟ್ಟುಕೊಳ್ಳಿ, 25 ನಿಮಿಷ ಸೇರಿಸಿದರೆ ಸಾಕು. ಒಂದು ಗಂಟೆ ಕಾಲು ಬರುತ್ತದೆ.

ಈಗ ಒಂದು ಮುಖ್ಯ ವಿಷಯ. ಟಿಕೆಟ್‌ನಲ್ಲಿ ಇರುವ ಹೊತ್ತು ಹಾರುವ ಹೊತ್ತಲ್ಲ. ವಿಮಾನ ಗೇಟಿನಿಂದ ಹಿಂದಕ್ಕೆ ಸರಿದ ಕ್ಷಣದಿಂದ, ಆ ಕಡೆ ಗೇಟಿಗೆ ಬಂದು ನಿಲ್ಲುವ ಕ್ಷಣದವರೆಗಿನ ಲೆಕ್ಕ ಅದು. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ದೆಹಲಿಗೆ ನಿಜವಾಗಿ ಗಾಳಿಯಲ್ಲಿ ಇರುವುದು ಎರಡೂಕಾಲರಿಂದ ಎರಡೂವರೆ ಗಂಟೆ ಅಷ್ಟೇ. ಉಳಿದದ್ದು ರನ್‌ವೇವರೆಗೆ ಉರುಳುವುದು, ಸಾಲಿನಲ್ಲಿ ಕಾಯುವುದು, ಇಳಿದಮೇಲೆ ಮತ್ತೆ ಉರುಳುವುದು. ಮೇಲೆ ಒಂದಿಷ್ಟು ನಿಮಿಷ ವಿಮಾನ ಕಂಪನಿಯವರೇ ಕೈಯಿಂದ ಸೇರಿಸಿರುತ್ತಾರೆ. ತಡವಾಗಿ ಹೊರಟ ವಿಮಾನವೂ ಕೆಲವು ಸಲ "ಸರಿಯಾದ ಸಮಯಕ್ಕೆ" ತಲುಪುವುದು ಇದರಿಂದಲೇ. ಪೈಲಟ್ ಏನೋ ಜೋರಾಗಿ ಓಡಿಸಿಬಿಟ್ಟ ಅಂತಲ್ಲ.

ನೇರ ಗೆರೆಯಲ್ಲಿ ಯಾಕೆ ಹೋಗಲ್ಲ ಅಂತ ಮಾವ ಕೇಳಿದರು. ಒಳ್ಳೆಯ ಪ್ರಶ್ನೆ. ಬೆಂಗಳೂರಿನ ಎರಡು ರನ್‌ವೇಗಳೂ ಪೂರ್ವ-ಪಶ್ಚಿಮ ದಿಕ್ಕಿಗಿವೆ. ದೆಹಲಿಯ ರನ್‌ವೇಗಳೂ ಹೆಚ್ಚೂಕಮ್ಮಿ ಹಾಗೇ. ಹೋಗಬೇಕಾದದ್ದು ಉತ್ತರಕ್ಕೆ. ಅಂದರೆ ಇಲ್ಲಿ ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿ ಏರಬೇಕು, ಆಮೇಲೆ ಉತ್ತರಕ್ಕೆ ತಿರುಗಬೇಕು, ಅಲ್ಲಿ ಮತ್ತೆ ತಿರುಗಿ ಇಳಿಯಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತದೆಯೋ ಅದಕ್ಕೆ ಎದುರಾಗಿ ಏರುವುದು, ಇಳಿಯುವುದು ರೂಢಿ. ನಡುವೆ ವಾಯುಪಡೆಯವರ ಜಾಗ, ಮಳೆಗಾಲದ ದೊಡ್ಡ ಮೋಡ, ಇವನ್ನೆಲ್ಲ ಬಳಸಿ ಹೋಗಬೇಕು. ಹಾಗಾಗಿ 1,705 ಅನ್ನುವುದು ಕಡೇಪಕ್ಷದ ದೂರ. ವಿಮಾನ ನಿಜವಾಗಿ ಹಾರುವುದು ಅದಕ್ಕಿಂತ ಸ್ವಲ್ಪ ಜಾಸ್ತಿ.

ದೊಡ್ಡ ಬಳಸುದಾರಿಯೂ ಉಂಟು. 2019ರ ಫೆಬ್ರವರಿಯಲ್ಲಿ ಬಾಲಾಕೋಟ್ ದಾಳಿಯಾದ ಮೇಲೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತು. ಮತ್ತೆ ಪೂರ್ತಿ ತೆರೆದದ್ದು ಜುಲೈನಲ್ಲಿ. ದೆಹಲಿಯಿಂದ ಯುರೋಪಿಗೆ ಹೋಗುವ ವಿಮಾನಗಳು ಅರಬ್ಬಿ ಸಮುದ್ರದ ಕಡೆ ಸುತ್ತಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಭಾರತದ ವಿಮಾನಗಳಿಗೆ ಮತ್ತೆ ಹಾಗೇ ಆಯಿತು. ಭೂಪಟದಲ್ಲಿ ದೂರ ಬದಲಾಗದಿದ್ದರೂ ಹೊತ್ತು ಬದಲಾಗುವುದು ಹೀಗೆ.

ಹೆಜ್ಜೆ 5: ಹೋಗುವ ಹೊತ್ತು, ಬರುವ ಹೊತ್ತು ಒಂದೇನಾ?

ಎತ್ತರದಲ್ಲಿ, ಹತ್ತು-ಹನ್ನೊಂದು ಕಿ.ಮೀ. ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಒಂದು ಜೋರು ಗಾಳಿ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅಂತ ಹೆಸರು. ಚಳಿಗಾಲದಲ್ಲಿ ಅದು ಉತ್ತರ ಭಾರತದ ಮೇಲೆಯೇ ಇರುತ್ತದೆ. ದೆಹಲಿಯಿಂದ ಕೋಲ್ಕತ್ತಕ್ಕೆ ಹೋಗುವವರಿಗೆ ಅದು ಬೆನ್ನ ಹಿಂದಿನ ಗಾಳಿ. ವಾಪಸ್ ಬರುವಾಗ ಎದುರುಗಾಳಿ. ಅದಕ್ಕೇ ಟಿಕೆಟ್‌ನಲ್ಲೂ ಬರುವ ಹೊತ್ತು ಹೆಚ್ಚಿರುತ್ತದೆ.

ನಮ್ಮ ಬೆಂಗಳೂರು–ದೆಹಲಿ ಉತ್ತರ-ದಕ್ಷಿಣ. ಗಾಳಿ ಪಕ್ಕದಿಂದ ಹೊಡೆಯುತ್ತದೆ, ಹಾಗಾಗಿ ಹೋಗುವುದಕ್ಕೂ ಬರುವುದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಇಷ್ಟು ಗೊತ್ತಿದ್ದರೆ ಸಾಕು.

ಹೆಜ್ಜೆ 6: ಟಿಕೆಟ್‌ನಲ್ಲಿರುವ ಗಡಿಯಾರವನ್ನು ಸರಿಯಾಗಿ ಓದಿ

ಜನ ಜಾಸ್ತಿ ಎಡವುವುದು ಇಲ್ಲೇ. ಹೊರಡುವ ಸಮಯ ಹೊರಡುವ ಊರಿನದ್ದು, ತಲುಪುವ ಸಮಯ ತಲುಪುವ ಊರಿನದ್ದು. ದೇಶದೊಳಗೆ ಎಲ್ಲ ಕಡೆ ಒಂದೇ ಗಡಿಯಾರ, ಸುಮ್ನೆ ಕಳೆದರೆ ಆಯಿತು. ಹೊರದೇಶಕ್ಕೆ ಹೊರಟರೆ ಹಾಗಲ್ಲ.

ಮಂಗಳೂರಿನಿಂದ ದುಬೈಗೆ ನೋಡಿ. ಕರಾವಳಿಯ ಅದೆಷ್ಟೋ ಮನೆಗಳಿಗೆ ಇದು ಪಕ್ಕದೂರಿನ ದಾರಿ ಇದ್ದಂತೆ. ದೂರ ಸುಮಾರು 2,460 ಕಿ.ಮೀ. ನಮ್ಮ ಸೂತ್ರದ ಪ್ರಕಾರ ಮೂರು ಮುಕ್ಕಾಲು ಗಂಟೆ. ಬೆಳಗ್ಗೆ 8ಕ್ಕೆ ಹೊರಟರೆ ನಮ್ಮ ಗಡಿಯಾರದಲ್ಲಿ 11:45ಕ್ಕೆ ತಲುಪುತ್ತೀರಿ. ಆದರೆ ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಟಿಕೆಟ್‌ನಲ್ಲಿ 10:15 ಅಂತ ಇರುತ್ತದೆ. ಮೊದಲ ಸಲ ನೋಡಿದವರಿಗೆ "ಅರೆ, ಎರಡೂಕಾಲು ಗಂಟೆ ಅಷ್ಟೇನಾ" ಅನಿಸುತ್ತದೆ. ವಾಪಸ್ ಬರುವಾಗ ಅದೇ ಪ್ರಯಾಣ ಐದು ಗಂಟೆಗೂ ಮಿಕ್ಕಿ ಕಾಣುತ್ತದೆ.

ದಾರಿ ಒಂದೇ. ತಲುಪುವ ಸಮಯವನ್ನು ಮೊದಲು ಭಾರತದ ಸಮಯಕ್ಕೆ ತನ್ನಿ, ಆಮೇಲೆ ಕಳೆಯಿರಿ.

ಅಮೆರಿಕ, ಬ್ರಿಟನ್‌ನಲ್ಲಿ ಇನ್ನೊಂದು ತೊಡಕು. ಅಲ್ಲಿ ಬೇಸಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ. ಬ್ರಿಟನ್‌ನಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ. ಹಾಗಾಗಿ ಸ್ಯಾನ್‌ಫ್ರಾನ್ಸಿಸ್ಕೋ ನಮಗಿಂತ ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಬೇಸಗೆಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ 45 ನಿಮಿಷ ಹಾರಿದಿರಿ ಅಂದುಕೊಳ್ಳಿ. ಇಲ್ಲಿ ಮರುದಿನ ಬೆಳಗ್ಗೆ 6:45. ಅಲ್ಲಿ ಇನ್ನೂ ಹೊರಟ ದಿನವೇ, ಸಂಜೆ 6:15. ಬರುವಾಗ ಈ ಸಾಲವನ್ನು ತೀರಿಸಬೇಕು. ಒಂದು ಪೂರ್ತಿ ದಿನವೇ ಕೈಬಿಟ್ಟು ಹೋದಂತೆ ಆಗುತ್ತದೆ. ಟಿಕೆಟ್‌ನಲ್ಲಿ ತಲುಪುವ ಸಮಯದ ಪಕ್ಕ ಸಣ್ಣದಾಗಿ +1 ಅಥವಾ +2 ಅಂತ ಇದ್ದರೆ ಅದು ಇದೇ. ಮರುದಿನ, ಅದರ ಮರುದಿನ ಅಂತ.

ನಡುರಾತ್ರಿಯ ವಿಮಾನದ ವಿಷಯದಲ್ಲಂತೂ ಹುಷಾರು. ನಮ್ಮ ನೆಂಟರೊಬ್ಬರ ಟಿಕೆಟ್‌ನಲ್ಲಿ 14ನೇ ತಾರೀಕು 00:40 ಅಂತ ಇತ್ತು. ಅವರು 14ನೇ ತಾರೀಕು ಬೆಳಗ್ಗೆ ಎದ್ದು, ಪೂಜೆ ಮಾಡಿ, ಊಟ ಮಾಡಿ, ರಾತ್ರಿ ಹತ್ತಕ್ಕೆ ಏರ್‌ಪೋರ್ಟಿಗೆ ಹೋದರು. ಬಾಗಿಲಲ್ಲಿದ್ದ ಜವಾನ ಟಿಕೆಟ್ ನೋಡಿ "ನಿಮ್ಮ ಫ್ಲೈಟ್ ನಿನ್ನೆ ರಾತ್ರಿನೇ ಹೋಯ್ತಲ್ಲ ಸಾರ್" ಅಂದ. ನಮಗೆ ದಿನ ಶುರುವಾಗುವುದು ಸೂರ್ಯ ಹುಟ್ಟಿದಾಗ. ಟಿಕೆಟ್‌ಗೆ ರಾತ್ರಿ ಹನ್ನೆರಡಕ್ಕೆ. 00:40 ಅಂತ ಕಂಡರೆ ಕ್ಯಾಲೆಂಡರಿನಲ್ಲಿ ಹಿಂದಿನ ದಿನಕ್ಕೆ ಗುರುತು ಹಾಕಿ.

ಹೆಜ್ಜೆ 7: ನಾನ್‌ಸ್ಟಾಪ್ ಬೇರೆ, ಡೈರೆಕ್ಟ್ ಬೇರೆ

ನಾನ್‌ಸ್ಟಾಪ್ ಅಂದರೆ ಎಲ್ಲೂ ಇಳಿಯುವುದಿಲ್ಲ. ಡೈರೆಕ್ಟ್ ಅಂದರೆ ಒಂದೇ ಫ್ಲೈಟ್ ನಂಬರ್, ಆದರೆ ನಡುವೆ ಎಲ್ಲಾದರೂ ಇಳಿದು ಹತ್ತಬಹುದು. ಬೆಲೆ ಕಡಿಮೆ ಅಂತ ಬುಕ್ ಮಾಡುವ ಮೊದಲು ಒಟ್ಟು ಹೊತ್ತು ಎಷ್ಟು ಅಂತ ನೋಡಿ. ಬೆಂಗಳೂರು–ದೆಹಲಿಗೆ ಐದು ಗಂಟೆಗಿಂತ ಹೆಚ್ಚು ತೋರಿಸಿದರೆ ನಡುವೆ ಎಲ್ಲೋ ಕಾಯಿಸುತ್ತಾರೆ ಅಂತಲೇ ಅರ್ಥ.

ಏರ್‌ಪೋರ್ಟಿನ ಹೆಸರನ್ನೂ ನೋಡಿ, ಬರೀ ಊರಿನ ಹೆಸರಲ್ಲ. ಗೋವಾಕ್ಕೆ ಈಗ ಎರಡು ಏರ್‌ಪೋರ್ಟ್. ಹಳೆಯ ದಾಬೋಲಿಂ ದಕ್ಷಿಣದ ಕಡೆ, 2023ರ ಜನವರಿಯಲ್ಲಿ ಶುರುವಾದ ಮೋಪಾ ಉತ್ತರದ ತುದಿಯಲ್ಲಿ. ತಪ್ಪಿ ಇಳಿದರೆ ಟ್ಯಾಕ್ಸಿಯವರಿಗೆ ಹಬ್ಬ. ದೆಹಲಿಗೂ ಪಕ್ಕದಲ್ಲೇ ಗಾಜಿಯಾಬಾದಿನ ಹಿಂಡನ್ ಇದೆ. ಇಂದಿರಾ ಗಾಂಧಿ ನಿಲ್ದಾಣದಲ್ಲೂ ಟರ್ಮಿನಲ್ 1 ಮತ್ತು 3 ಒಂದಕ್ಕೊಂದು ದೂರ. ಬೆಂಗಳೂರಿನ ಟರ್ಮಿನಲ್ 1, 2 ಅಷ್ಟು ದೂರವಿಲ್ಲ, ಆದರೂ ಕ್ಯಾಬಿನವನಿಗೆ ಸರಿಯಾದದ್ದನ್ನೇ ಹೇಳಿ.

ಹೆಜ್ಜೆ 8: ಮನೆ ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿ, ಹಿಂದಿನಿಂದ ಮುಂದಕ್ಕೆ

ಇಷ್ಟು ಹೊತ್ತು ಹೇಳಿದ್ದು ವಿಮಾನದ ಹೊತ್ತು. ಮಾವನಿಗೆ ನಿಜವಾಗಿ ಬೇಕಿದ್ದದ್ದು ಇದು. ಮಗಳ ಮನೆಯಲ್ಲಿ ಊಟಕ್ಕೆ ಎಷ್ಟು ಗಂಟೆಗೆ ಎಲೆ ಹಾಕಬೇಕು ಅಂತ ಅವಳು ಕೇಳಿದ್ದಳು.

ವಿಮಾನ ಬೆಳಗ್ಗೆ 10ಕ್ಕೆ ಅಂದುಕೊಳ್ಳಿ. ದೇಶದೊಳಗಿನ ವಿಮಾನಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಅಂದರೆ 9ಕ್ಕೆ. ಗೇಟು 20-25 ನಿಮಿಷ ಮೊದಲು ಮುಚ್ಚುತ್ತದೆ. ಬ್ಯಾಗ್ ಕೊಡುವುದಿದ್ದರೆ 8 ಗಂಟೆಗೆ ಏರ್‌ಪೋರ್ಟಿನಲ್ಲಿ ಇರುವುದು ಒಳ್ಳೆಯದು. ಡಿಜಿ ಯಾತ್ರಾ (ಮುಖ ಗುರುತಿಸಿ ಒಳಗೆ ಬಿಡುವ ಮೊಬೈಲ್ ಆ್ಯಪ್) ಮಾಡಿಕೊಂಡಿದ್ದರೆ ಬಾಗಿಲ ಸಾಲು ಬೇಗ ಸರಿಯಬಹುದು, ಆದರೆ ಅದನ್ನೇ ನಂಬಿ ತಡವಾಗಿ ಹೊರಡಬೇಡಿ.

ಬನಶಂಕರಿಯಿಂದ ದೇವನಹಳ್ಳಿಗೆ 45 ಕಿ.ಮೀ. ಮೇಲಾಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಒಂದು ಗಂಟೆಯ ಆಸುಪಾಸು. ಏಳೂವರೆಗೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆ, ಮಳೆ ಬಂದರೆ ದೇವರೇ ಗತಿ. ಹಾಗಾಗಿ 6ಕ್ಕೆ ಮನೆ ಬಿಡಿ. ಒಂಟಿಯಾಗಿ ಹೋಗುವವರಿಗೆ ವಾಯುವಜ್ರ ಬಸ್ಸು ಚೆನ್ನ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ಏರ್‌ಪೋರ್ಟಿಗೇ ಇದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಪೆಟ್ಟಿಗೆ ಎಳೆಯುವ ಕಷ್ಟ ಇಲ್ಲ.

ಆ ಕಡೆ 12:50ಕ್ಕೆ ವಿಮಾನ ನಿಂತಿತು. ಇಳಿದು, ನಡೆದು, ಬ್ಯಾಗ್ ಬರುವಷ್ಟರಲ್ಲಿ 1:30. ಟರ್ಮಿನಲ್ 3ರಲ್ಲಿ ಇಳಿದರೆ ಮೆಟ್ರೋ ಹಿಡಿಯಿರಿ, ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಲೈನ್ ಸುಮಾರು 20 ನಿಮಿಷಕ್ಕೆ ನ್ಯೂ ಡೆಲ್ಲಿ ರೈಲ್ವೆ ಸ್ಟೇಷನ್ ಮುಟ್ಟಿಸುತ್ತದೆ. ಚಾಣಕ್ಯಪುರಿಯ ಕರ್ನಾಟಕ ಭವನಕ್ಕೆ ಹೋಗುವವರಿಗೆ ಟ್ಯಾಕ್ಸಿಯೇ ಸರಿ. ಏನೇ ಆದರೂ 2:15 ಆಗುತ್ತದೆ.

ಬೆಳಗ್ಗೆ 6ರಿಂದ ಮಧ್ಯಾಹ್ನ 2:15. ಎಂಟೂಕಾಲು ಗಂಟೆ. ಅದರಲ್ಲಿ ಗಾಳಿಯಲ್ಲಿದ್ದದ್ದು ಎರಡೂವರೆ ಗಂಟೆಗಿಂತ ಕಡಿಮೆ.

ದೆಹಲಿಗಾದರೆ ರೈಲಿನ ಒಂದೂವರೆ ದಿನದ ಮುಂದೆ ಇದು ಏನೂ ಅಲ್ಲ. ಆದರೆ ಇದೇ ಲೆಕ್ಕವನ್ನು ಹುಬ್ಬಳ್ಳಿಗೆ ಹಾಕಿ ನೋಡಿ. ಮನೆಯಿಂದ ದೇವನಹಳ್ಳಿಗೆ ಎರಡು ಗಂಟೆ, ಅಲ್ಲಿ ಕಾಯುವುದು ಒಂದೂವರೆ-ಎರಡು ಗಂಟೆ, ವಿಮಾನ ಒಂದೂಕಾಲು, ಇಳಿದು ಊರು ಸೇರಲು ಮುಕ್ಕಾಲು ಗಂಟೆ. ಒಟ್ಟು ಆರು ಗಂಟೆಯ ಹತ್ತಿರ. 2023ರ ಜೂನ್‌ನಲ್ಲಿ ಶುರುವಾದ ಧಾರವಾಡದ ವಂದೇ ಭಾರತ್ ರೈಲು ಬೆಂಗಳೂರಿನಿಂದ ಹುಬ್ಬಳ್ಳಿಗೆ ಮುಟ್ಟಿಸುವುದೂ ಐದಾರು ಗಂಟೆಯಲ್ಲೇ. ಅದೂ ಊರೊಳಗಿಂದ ಊರೊಳಗೆ. ನನ್ನ ಮಟ್ಟಿಗೆ 400 ಕಿ.ಮೀ. ಒಳಗಿನ ದಾರಿಗೆ ವಿಮಾನ ಬೇಡ. ಯಲಹಂಕ, ದೇವನಹಳ್ಳಿ ಕಡೆ ಮನೆ ಇರುವವರ ಮಾತು ಬೇರೆ, ಅವರಿಗೆ ಏರ್‌ಪೋರ್ಟೇ ಹತ್ತಿರ, ಮೆಜೆಸ್ಟಿಕ್ಕೇ ದೂರ.

ಹೆಜ್ಜೆ 9: ತಿಂಗಳು ನೋಡಿ ವಿಮಾನ ಆರಿಸಿ

ಡಿಸೆಂಬರ್, ಜನವರಿಯಲ್ಲಿ ದೆಹಲಿಗೆ ಬೆಳಗಿನ ವಿಮಾನ ಬೇಡ. ಮಂಜು. ಕಣ್ಣಿಗೆ ಕೈ ಕಾಣದಷ್ಟು. ದೇವನಹಳ್ಳಿಯಲ್ಲೂ ಚಳಿಗಾಲದ ಬೆಳಗಿನ ಜಾವ ಮಂಜು ಕವಿಯುತ್ತದೆ. ಒಂದು ವಿಮಾನ ದಿನಕ್ಕೆ ನಾಲ್ಕೈದು ಸಲ ಹಾರುತ್ತದೆ, ಬೆಳಗ್ಗೆ ಒಂದು ಕಡೆ ನಿಂತರೆ ಸಂಜೆಯವರೆಗೂ ಎಲ್ಲ ಕಡೆ ತಡ. ಚಳಿಗಾಲದಲ್ಲಿ ಮಧ್ಯಾಹ್ನ ದೆಹಲಿ ಮುಟ್ಟುವ ವಿಮಾನವೇ ವಾಸಿ.

ಗಣರಾಜ್ಯೋತ್ಸವದ ಹಿಂದಿನ ವಾರ ಪರೇಡಿನ ತಾಲೀಮಿಗಾಗಿ ದೆಹಲಿಯ ಆಕಾಶವನ್ನು ದಿನಕ್ಕೆ ಎರಡು ಗಂಟೆಗೂ ಮಿಕ್ಕಿ ಮುಚ್ಚುತ್ತಾರೆ. ನಮ್ಮಲ್ಲೂ ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ದೇವನಹಳ್ಳಿಯ ವಿಮಾನಗಳ ಸಮಯ ಬದಲಾಗುತ್ತದೆ. ಆ ದಿನಗಳಲ್ಲಿ ಬುಕ್ ಮಾಡಿದ್ದರೆ ಮೊಬೈಲಿಗೆ ಬರುವ ಮೆಸೇಜ್ ಓದದೆ ಅಳಿಸಬೇಡಿ.

ನಿಮ್ಮ ವಿಮಾನ ಸಾಮಾನ್ಯವಾಗಿ ಎಷ್ಟು ತಡ ಮಾಡುತ್ತದೆ ಅಂತ ತಿಳಿಯಬೇಕಾದರೆ ಫ್ಲೈಟ್‌ರಾಡಾರ್24 ಅನ್ನುವ ಜಾಲತಾಣದಲ್ಲಿ ಫ್ಲೈಟ್ ನಂಬರ್ ಹಾಕಿ. ಹಿಂದಿನ ಏಳು ದಿನ ಅದು ಯಾವಾಗ ಏರಿತು, ಯಾವಾಗ ಇಳಿಯಿತು ಅಂತ ಪುಕ್ಕಟೆ ಸಿಗುತ್ತದೆ. ಟಿಕೆಟ್‌ನ ಅಂಕಿಗಿಂತ ನಾನು ಇದನ್ನೇ ಜಾಸ್ತಿ ನಂಬುತ್ತೇನೆ.

ಹೆಜ್ಜೆ 10: ಸೀಟು

ದಾರಿ ನೇರ ಉತ್ತರಕ್ಕೆ ಅಂತ ಗೊತ್ತಾಯಿತಲ್ಲ, ಅದರಿಂದ ಒಂದು ಉಪಯೋಗ ಇದೆ. ದೆಹಲಿಗೆ ಬೆಳಗ್ಗೆ ಹೋಗುವಾಗ ಸೂರ್ಯ ಬಲಗಡೆ ಇರುತ್ತಾನೆ. ಬಲಗಡೆಯ ಕಿಟಕಿ ತಗೊಂಡರೆ ದಾರಿಯುದ್ದಕ್ಕೂ ಮುಖಕ್ಕೆ ಬಿಸಿಲು. ಎಡಗಡೆ ಕೂತರೆ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ, ಕೃಷ್ಣಾ, ಗೋದಾವರಿ ದಾಟುವುದನ್ನು ನೋಡಬಹುದು. ಸಂಜೆ ಹೊರಟರೆ ಇದನ್ನು ತಿರುಗಿಸಿಕೊಳ್ಳಿ. ದೆಹಲಿಯಿಂದ ಬರುವಾಗ ಬೆಳಗ್ಗೆ ಬಲಗಡೆ ಒಳ್ಳೆಯದು.

ಇದೆಲ್ಲವನ್ನೂ ಮಾವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಎಡಗಡೆಯ ಕಿಟಕಿ ಸೀಟು, ರೆಕ್ಕೆಗಿಂತ ಮುಂದಿನದ್ದು, ಅಂತ ನಂಬರ್ ಸಮೇತ ಬರೆದು ಕಳಿಸಿದೆ. ಹೋಗಿ ಬಂದಮೇಲೆ ಹೇಗಿತ್ತು ಅಂತ ಕೇಳಿದರೆ, "ಕಿಟಕಿ ಯಾಕಪ್ಪಾ, ಓಡಾಡೋಕೆ ಅನುಕೂಲ ಅಂತ ಈಚೆ ಸೀಟು ತಗೊಂಡೆ" ಅಂದರು.